ಹಳೇ ಲೇತಿನ ಚಪ್ಪಟೆ ಬೆಲ್ಟ್ ಬದಲಿಸಿದವರು ಸ್ವಲ್ಪ ಹೇಳಿ

ಅಪ್ಪನ ಕಾಲದ ನಾಲ್ಕೂವರೆ ಅಡಿ ಲೇತ್ (ಲೋಹ ಕಡೆಯುವ ಯಂತ್ರ) ಇದೆ. ಮೂರು ಮೆಟ್ಟಿಲಿನ ಕೋನ್ ಪುಲ್ಲಿ, 2 ಇಂಚು ಅಗಲದ ಚರ್ಮದ ಬೆಲ್ಟ್. ಸ್ವಲ್ಪ ಜಾಸ್ತಿ ಕಟ್ ಕೊಟ್ಟರೆ ಚಕ್ (ಲೋಹ ಹಿಡಿದು ತಿರುಗಿಸುವ ಭಾಗ) ನಿಂತುಬಿಡುತ್ತದೆ, ಮೋಟರ್ ಮಾತ್ರ ತಿರುಗುತ್ತಾ ಇರುತ್ತದೆ. ಬೆಲ್ಟಿನ ಅಂಚು ಸೀಳಿದೆ. ಯಾವ ಬೆಲ್ಟ್ ಹಾಕಲಿ? ಬೆಲ್ಟ್ ತೊಡಿಸಲು ಸ್ಪಿಂಡಲ್ (ಪುಲ್ಲಿ, ಚಕ್ ಎರಡೂ ಕೂತಿರುವ ದಂಡ) ಬಿಚ್ಚಲೇಬೇಕಾ?

*

ಸ್ಪಿಂಡಲ್ ಬಿಚ್ಚಬೇಡಿ. ಹಳೇ ಲೇತಿನಲ್ಲಿ ಸಾಮಾನ್ಯವಾಗಿ ಗನ್‌ಮೆಟಲ್ (ಒಂದು ಬಗೆಯ ಕಂಚು) ಬೇರಿಂಗ್ ಇರುತ್ತದೆ. ಇಷ್ಟು ವರ್ಷ ಆ ಸ್ಪಿಂಡಲ್ ಜೊತೆಗೇ ಸವೆದು ಹೊಂದಿಕೊಂಡಿರುತ್ತದೆ. ಒಮ್ಮೆ ಬಿಚ್ಚಿದರೆ ಶಿಮ್ (ತೆಳು ತಗಡು) ಕೂರಿಸಿ ಮತ್ತೆ ಸೆಟ್ ಮಾಡುವುದು ಬೆಲ್ಟಿಗಿಂತ ದೊಡ್ಡ ಕೆಲಸ. ಬೇಕಾದ ಉದ್ದಕ್ಕೆ ತುಂಡು ಮಾಡಿದ, ತುದಿ ಜೋಡಿಸದ ಬೆಲ್ಟ್ ತನ್ನಿ, ಪುಲ್ಲಿಗೆ ಸುತ್ತಿ, ಅಲ್ಲೇ ಜಾಯಿಂಟ್ ಮಾಡಿ.

‘ಅಲ್ಲೇ’ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಮೊದಲ ಸಲ ಟೇಬಲ್ ಮೇಲೆ ಇಟ್ಟು ನೀಟಾಗಿ ಅಂಟಿಸಿದೆ. ರಾತ್ರಿಯೆಲ್ಲ ಕ್ಲಾಂಪ್ ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ಕೈಯಲ್ಲಿ ಚೆಂದದ ಬಳೆ, ಲೇತಿಗೆ ತೊಡಿಸುವ ದಾರಿಯೇ ಇಲ್ಲ! ಅಂಗಡಿ ಹುಡುಗ ನಗು ತಡೆಯಲಾಗದೆ ಚಹಾ ತರುತ್ತೇನೆ ಅಂತ ಹೊರಗೆ ಹೋದ.

ಇನ್ನೊಂದು ವಿಷಯ. ಜಾರುತ್ತದೆ ಅಂದ ತಕ್ಷಣ ಬೆಲ್ಟಿನದೇ ತಪ್ಪು ಅಂತಲ್ಲ. ಹೆಡ್‌ಸ್ಟಾಕ್ (ಸ್ಪಿಂಡಲ್ ಕೂತಿರುವ ಭಾಗ) ಬೇರಿಂಗಿಗೆ ಬಿಟ್ಟ ಎಣ್ಣೆ ಹರಿದು ಪುಲ್ಲಿಗೆ ಬಂದಿರುತ್ತದೆ. ಪುಲ್ಲಿಯನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಒರೆಸುವಾಗ ಮೆಟ್ಟಿಲಿಗೆ ಅಡ್ಡಲಾಗಿ ಒಂದು ಸ್ಕೇಲ್ ಇಟ್ಟು ನೋಡಿ, ನಡುವೆ ತುಸು ಉಬ್ಬು ಕಾಣುತ್ತದೆ. ಬೆಲ್ಟ್ ಪಕ್ಕಕ್ಕೆ ಓಡದಂತೆ ಹಿಡಿದಿಡುವುದು ಆ ಉಬ್ಬೇ. ಹೊಳಪು ಬರಲಿ ಅಂತ ಎಮೆರಿ ಪೇಪರ್ ಹಿಡಿದು ಅದನ್ನು ಸಪಾಟು ಮಾಡಿಬಿಡಬೇಡಿ.

ಅಳತೆಗೆ ದರ್ಜಿ ಟೇಪು ಸಾಕು. ಟೆನ್ಶನ್ ಲಿವರ್ ಬಿಗಿ ಕಡೆಗೆ ಇರಲಿ, ಅಡ್ಜಸ್ಟ್ ಬೋಲ್ಟ್ ಮಾತ್ರ ಹೆಚ್ಚುಕಮ್ಮಿ ಪೂರ್ತಿ ಸಡಿಲ ಇರಲಿ. ಮುಂದೆ ಬೆಲ್ಟ್ ಹಿಗ್ಗಿದಾಗ ಬಿಗಿ ಮಾಡಲು ಜಾಗ ಬೇಕಲ್ವಾ? ಮೂರೂ ಮೆಟ್ಟಿಲಲ್ಲಿ ಅಳೆಯಿರಿ. ಹೊಸ ಚರ್ಮ ಹಿಗ್ಗುತ್ತದೆ, ಅದಕ್ಕೇ ಅಡಿಗೆ ಅರ್ಧಪಾವು (1/8) ಇಂಚು ಕಡಿಮೆ ಹಿಡಿಯುವುದು ಹಳಬರ ಲೆಕ್ಕ. ಸುತ್ತಳತೆ 72 ಇಂಚು ಬಂದರೆ 71¼, ಅದರ ಮೇಲೆ ಜಾಯಿಂಟಿಗೆ 4 ಇಂಚು. ಎರಡೂ ತುದಿಯನ್ನು ಆ 4 ಇಂಚಿನಲ್ಲಿ ಓರೆಯಾಗಿ ಕೆತ್ತಬೇಕು, ಕೊನೆಗೆ ಕಾಗದದಷ್ಟು ತೆಳ್ಳಗಾಗಬೇಕು. ಇದು ನಿಮ್ಮ ಕೈಗೆ ಬರದಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ. ಅವರ ರಂಪಿಗೆಗೆ ಅದು ಐದು ನಿಮಿಷದ ಕೆಲಸ. ನುಣುಪು ಬದಿ ಪುಲ್ಲಿ ಕಡೆಗೆ ಬರಲಿ. ಒರಟು ಬದಿ ಹಿಡಿತ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ.

*

ಚರ್ಮವೇ ಯಾಕೆ? ನಾನು ನೈಲಾನ್ ಸ್ಯಾಂಡ್‌ವಿಚ್ ಬೆಲ್ಟ್ ಹಾಕಿದ್ದೇನೆ. ನಡುವೆ ನೈಲಾನ್ ಪಟ್ಟಿ, ಪುಲ್ಲಿಗೆ ತಾಗುವ ಬದಿಯಲ್ಲಿ ಕ್ರೋಮ್ ಚರ್ಮ. ಹಿಗ್ಗುವುದು ಬಹಳ ಕಮ್ಮಿ, ಮಳೆಗಾಲದಲ್ಲೂ ಸಡಿಲ ಆಗುವುದಿಲ್ಲ. ಆದರೆ ಜಾಯಿಂಟಿಗೆ ಬಿಸಿ ಪ್ರೆಸ್ ಬೇಕು. ಪ್ರೆಸ್ ತಂದು ಮೆಷಿನ್ ಮೇಲೇ ಮಾಡಿಕೊಡುವವರು ಸಿಕ್ಕರೆ ಮಾತ್ರ ಇದಕ್ಕೆ ಕೈಹಾಕಿ.

*

ಕಾರಿನ ರಿಬ್ ಬೆಲ್ಟ್ (ಉದ್ದಕ್ಕೂ ಏಣುಗಳಿರುವ ಬೆಲ್ಟ್) ಕತ್ತರಿಸಿ ಅಂಟಿಸುತ್ತಾರೆ ಅಂತ ವಿಡಿಯೋ ನೋಡಿ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿದ್ದೆ. ನಿಮಗೆ ಆಗುವುದಿಲ್ಲ. ಒಂದು ರಿಬ್ 3.56 ಎಂಎಂ, 6 ರಿಬ್ಬಿನದು 21 ಎಂಎಂ ಚಿಲ್ಲರೆ ಅಗಲ. 1 ಇಂಚಿನ ಬೆಲ್ಟ್ ಓಡುವ ಚಿಕ್ಕ ಲೇತಿಗೆ ಸರಿ, 2 ಇಂಚಿಗೆ ಎಲ್ಲಿಗೆ ಸಾಲುತ್ತದೆ? ಎರಡು ಬೆಲ್ಟ್ ಪಕ್ಕಪಕ್ಕ ಹಾಕಿದೆ. ಎರಡೂ ಆ ಉಬ್ಬು ಹತ್ತಲು ಹೋಗಿ ಒಂದರ ಮೇಲೊಂದು ಕೂತವು.

*

ಸ್ಟೀಲ್ ಕ್ಲಿಪ್ ಜಾಯಿಂಟ್ ಬಗ್ಗೆ ಯಾರೂ ಹೇಳಲಿಲ್ಲ. ಹತ್ತು ನಿಮಿಷದ ಕೆಲಸ, ಪಿನ್ ಎಳೆದರೆ ಬಿಚ್ಚಿಕೊಳ್ಳುತ್ತದೆ. ತುರ್ತಿಗೆ ಅದೇ ಸೈ. ಆದರೆ ಪ್ರತಿ ಸುತ್ತಿಗೂ ಟಕ್ ಟಕ್ ಅನ್ನುತ್ತದೆ, ಫಿನಿಶ್ ಕಟ್ಟಿನಲ್ಲಿ ಆ ಟಕ್ ಜಾಬ್ (ಕಡೆಯುತ್ತಿರುವ ಲೋಹ) ಮೇಲೂ ಮೂಡುತ್ತದೆ. ಓಡುವಾಗ ಕೈಯಲ್ಲಿ ಬೆಲ್ಟ್ ದೂಡುವ ಚಟ ಇದ್ದವರು ಕ್ಲಿಪ್ ಹಾಕಲೇಬೇಡಿ. ನನ್ನ ಹೆಬ್ಬೆರಳಿನ ಗಾಯಕ್ಕೆ ಈಗ ಮೂವತ್ತು ವರ್ಷ.

ರಾಳದ ಪುಡಿ ಎರಚುವುದೂ ಬೇಡ. ಆ ದಿನ ಹಿಡಿಯುತ್ತದೆ, ಆಮೇಲೆ ಗಾಜಿನಂತೆ ಗಟ್ಟಿಯಾಗಿ ಇನ್ನೂ ಜಾರುತ್ತದೆ. ಚರ್ಮ ಒಣಗಿದ್ದರೆ ಹೊರಬದಿಗೆ ಒಂದೆರಡು ತೊಟ್ಟು ಹರಳೆಣ್ಣೆ ಸವರಿ, ಅಷ್ಟೇ. ಬಿಗಿಯೂ ಅತಿಯಾಗಬಾರದು. ಅರ್ಧ ಗಂಟೆ ಓಡಿಸಿ ಬೇರಿಂಗ್ ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಸಡಿಲ ಮಾಡಿ. ಜಾಬ್ ತುಂಡರಿಸುವ ಪಾರ್ಟಿಂಗ್ ಟೂಲ್ ಕಚ್ಚಿಕೊಂಡಾಗ ಬೆಲ್ಟ್ ಜಾರಿದ್ದಕ್ಕೇ ನನ್ನ ಗೇರ್ ಹಲ್ಲು ಉಳಿದಿವೆ.

*

ಕೇಳಿದವನೇ ಬರೆಯುತ್ತಿದ್ದೇನೆ. ಚರ್ಮವನ್ನೇ ಹಾಕಿದೆ. ಪುಲ್ಲಿ ಒರೆಸಿದರೆ ಬಟ್ಟೆ ಕಪ್ಪಾಯಿತು, ಎಣ್ಣೆ ಇತ್ತು. ಲೇತಿನ ಮೇಲೇ ಎರಡು ಹಲಗೆ ತುಂಡಿನ ನಡುವೆ ಜಾಯಿಂಟ್ ಬಿಗಿದು ಒಂದಿಡೀ ದಿನ ಬಿಟ್ಟೆ. ನಿನ್ನೆ ಎಂಎಸ್ (ಮೈಲ್ಡ್ ಸ್ಟೀಲ್) ರಾಡಿಗೆ 2 ಎಂಎಂ ಕಟ್ ಕೊಟ್ಟೆ, ಚಕ್ ನಿಲ್ಲಲಿಲ್ಲ. ಬೆಲ್ಟ್ ಮಾತ್ರ ಸುತ್ತಿಗೊಮ್ಮೆ ಸ್ವಲ್ಪ ಆಚೀಚೆ ಆಡುತ್ತದೆ. ತುದಿ ಕತ್ತರಿಸುವಾಗ ಟ್ರೈಸ್ಕ್ವೇರ್ (ಮೂಲೆಮಟ್ಟ) ಹಿಡಿಯಲಿಲ್ಲ, ಕಣ್ಣಳತೆಯಲ್ಲೇ ಕತ್ತರಿಸಿದ್ದೆ.

ತುದಿ ಕೆತ್ತಿಕೊಟ್ಟವರು ದುಡ್ಡು ಬೇಡ, ಹಳೇ ಬೆಲ್ಟ್ ಕೊಡಿ ಅಂದರು. ಸೀಳಿದ ಅಂಚು ತೆಗೆದರೆ ಎರಡು ಜೊತೆ ಚಪ್ಪಲಿ ಅಟ್ಟೆಗೆ ಬರುತ್ತದಂತೆ.