ಎಲ್ ಅನಾಟ್ಸುಯಿ ಬಗ್ಗೆ ಉಪನ್ಯಾಸ: ಯಾವ ಪ್ರದರ್ಶನ ತೋರಿಸುವುದು, ಮಾದರಿ ತುಂಡನ್ನು ಹೇಗೆ ತೂಗುಹಾಕುವುದು?

ಬಣ್ಣದಬುಟ್ಟಿ

ಎಲ್ಲರಿಗೂ ನಮಸ್ಕಾರ. ಬಾಟಲಿ ಮುಚ್ಚಳಗಳನ್ನು ತಂತಿಯಿಂದ ಹೆಣೆದು ಗೋಡೆಯಷ್ಟು ದೊಡ್ಡ ಕೃತಿ ಮಾಡುವ ಶಿಲ್ಪಿ ಎಲ್ ಅನಾಟ್ಸುಯಿ ಬಗ್ಗೆ ಕನ್ನಡದಲ್ಲಿ 45 ನಿಮಿಷದ ಸಾರ್ವಜನಿಕ ಉಪನ್ಯಾಸ ಇದೆ. ಕೇಳುಗರಲ್ಲಿ ಅರ್ಧ ಜನ ಚಿತ್ರಕಲೆಯ ವಿದ್ಯಾರ್ಥಿಗಳು, ಇನ್ನರ್ಧ ಜನ ಕಲೆಯ ಓದಿಲ್ಲದ ಆಸಕ್ತರು. ಚಿತ್ರ ತೋರಿಸಿ ಮಾತಾಡಿದರಷ್ಟೇ ಸಾಲದು, ಅವರು ಬಳಸುವ ವಿಧಾನದಲ್ಲೇ 3 ಅಡಿ ಉದ್ದ, 3 ಅಡಿ ಅಗಲದ ಒಂದು ತುಂಡನ್ನು ಮಾಡಿ ಸಭೆಯ ಎದುರಿಗೇ ಗೋಡೆಗೆ ತೂಗುಹಾಕಬೇಕು ಎಂಬ ಯೋಚನೆ ಇದೆ. ಮಾರಾಟಕ್ಕಲ್ಲ, ಅವರ ಯಾವ ಕೃತಿಯ ನಕಲೂ ಅಲ್ಲ, ವಿಧಾನ ತೋರಿಸಲಿಕ್ಕೆ ಮಾತ್ರ.

ಎಷ್ಟು ಮುಚ್ಚಳ, ಎಂಥ ತಂತಿ, ಎಷ್ಟು ಹೊತ್ತಿನ ಕೆಲಸ? ಅವರ ಅಷ್ಟೊಂದು ಪ್ರದರ್ಶನಗಳಲ್ಲಿ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬಹುದು? ಇನ್ನೊಂದು, “ಇದು ಬಟ್ಟೆಯ ಹಾಗಿದೆಯಲ್ಲ, ಶಿಲ್ಪ ಹೇಗಾಗುತ್ತದೆ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಗಟ್ಟಿಯಾದ ಉತ್ತರ ಏನು?

ತಂತಿಗಂಟು

ಮೊದಲು ಮುಚ್ಚಳದ ವಿಷಯ, ಏಕೆಂದರೆ ಹೆಚ್ಚಿನವರು ಎಡವುವುದೇ ಇಲ್ಲಿ. ಸೋಡಾ, ಬಿಯರ್ ಬಾಟಲಿಯ ಹಲ್ಲುಹಲ್ಲಾದ ಮುಚ್ಚಳ ತರಬೇಡಿ. ಅದು ಉಕ್ಕು. ಮಡಿಸಲು ಬಗ್ಗುವುದಿಲ್ಲ, ಕತ್ತರಿಸಿದ ಅಂಚಿನಲ್ಲಿ ತುಕ್ಕು ಹಿಡಿಯುತ್ತದೆ. ಬೇಕಾದದ್ದು ಮದ್ಯದ ಬಾಟಲಿಯ ತಿರುಗಿಸಿ ತೆಗೆಯುವ ಅಲ್ಯೂಮಿನಿಯಂ ಮುಚ್ಚಳ. ಅನುಮಾನ ಬಂದರೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಬೇಡ.

ಈ ಮುಚ್ಚಳದಲ್ಲಿ ಮೂರು ಭಾಗ: ಮೇಲಿನ ಬಿಲ್ಲೆ, ಸುತ್ತಲಿನ ಪಟ್ಟಿ, ತೆರೆದಾಗ ಹರಿದು ಬಾಟಲಿಯ ಕುತ್ತಿಗೆಯಲ್ಲೇ ಉಳಿಯುವ ತೆಳುವಾದ ಉಂಗುರ. ಅನಾಟ್ಸುಯಿ ಮೂರನ್ನೂ ಬೇರೆಬೇರೆ ಕೆಲಸಕ್ಕೆ ಬಳಸುತ್ತಾರೆ. ಪಟ್ಟಿಯನ್ನು ಚಪ್ಪಟೆ ಮಾಡಿ ಮಡಿಸಿದರೆ ದಟ್ಟವಾದ, ಹೊಳೆಯುವ ಮೈ ಸಿಗುತ್ತದೆ. ಉಂಗುರಗಳನ್ನು ಜೋಡಿಸಿದರೆ ಬಲೆಯ ಹಾಗೆ ಆಚೆಬದಿ ಕಾಣುತ್ತದೆ. ಬಿಲ್ಲೆಯನ್ನು ಹಾಗೇ ಇಟ್ಟರೆ ಮೀನಿನ ಹುರುಪೆಯ ಹಾಗೆ. ನಿಮ್ಮ ತುಂಡಿನಲ್ಲಿ ಮುಕ್ಕಾಲು ಭಾಗ ಪಟ್ಟಿ, ಒಂದು ಮೂಲೆಯಲ್ಲಿ ಉಂಗುರ ಇರಲಿ. ಎರಡರ ವ್ಯತ್ಯಾಸ ಕಣ್ಣಿಗೆ ಕಂಡರೆ ನಿಮ್ಮ ಹತ್ತು ನಿಮಿಷದ ಮಾತು ಉಳಿಯುತ್ತದೆ.

ಲೆಕ್ಕ ಹೀಗೆ. 28 ಮಿ.ಮೀ. ಅಡ್ಡಳತೆ, 18 ಮಿ.ಮೀ. ಎತ್ತರದ ಮುಚ್ಚಳದ ಪಟ್ಟಿಯನ್ನು ಬಿಚ್ಚಿದರೆ ಉದ್ದ ಸುಮಾರು 88 ಮಿ.ಮೀ. ಅದನ್ನು ನಡುವೆ ಮಡಿಸಿದರೆ 44 × 18 ಮಿ.ಮೀ., ಅಂದರೆ ಸುಮಾರು 8 ಚದರ ಸೆಂ.ಮೀ. ಒಂದು ಚದರ ಅಡಿಗೆ ಸುಮಾರು 120, ನಿಮ್ಮ 9 ಚದರ ಅಡಿಗೆ 1,100. ಆದರೆ ಇದು ಚಪ್ಪಟೆಯಾಗಿ ಹರಡಿದ ಅಳತೆ. ಗೋಡೆಯ ಮೇಲೆ ನೆರಿಗೆ ಬೀಳಬೇಕಾದರೆ ಅಗಲ ಕಾಲುಭಾಗ ಕಡಿಮೆಯಾಗುತ್ತದೆ. ತೂಗುಹಾಕಿದ ಮೇಲೂ 3 ಅಡಿ ಅಗಲ ಉಳಿಯಬೇಕೆಂದರೆ ನೆಲದ ಮೇಲೆ 4 ಅಡಿ ಅಗಲಕ್ಕೆ ಕಟ್ಟಿ, ಆಗ 1,450ರಷ್ಟು ಬೇಕು. ಹಾಳಾಗುವುದನ್ನೂ ಸೇರಿಸಿ 1,600 ಒಟ್ಟುಮಾಡಿ. ಗುಜರಿ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ಬಾಟಲಿ ವಿಂಗಡಿಸುವಾಗ ಚೀಲದಲ್ಲಿ ಬೇರೆಯಾಗಿ ಎತ್ತಿಡುತ್ತಾರೆ. ಕುತ್ತಿಗೆಯ ಉಂಗುರವೂ ಬೇಕೆಂದು ಒತ್ತಿ ಹೇಳಿ, ಅದನ್ನು ಯಾರೂ ತೆಗೆದಿಡುವುದಿಲ್ಲ.

ತಂದ ತಕ್ಷಣ ಒಳಗಿನ ಪ್ಲಾಸ್ಟಿಕ್ ಬಿಲ್ಲೆ ಕಿತ್ತು, ಬಿಸಿನೀರಿಗೆ ಸ್ವಲ್ಪ ಸೋಪು ಹಾಕಿ ತೊಳೆದು ಒಣಗಿಸಿ. ಇಲ್ಲದಿದ್ದರೆ ವಾಸನೆ ಮತ್ತು ಇರುವೆ ಎರಡೂ ಖಂಡಿತ. ತಗಡು ಕತ್ತರಿಯಿಂದ ಬಿಲ್ಲೆಯನ್ನು ಬೇರ್ಪಡಿಸಿ, ಪಟ್ಟಿಯನ್ನು ಒಂದು ಕಡೆ ಸೀಳಿ, ಹಳೆಯ ಲಟ್ಟಣಿಗೆಯಿಂದ ಚಪ್ಪಟೆ ಮಾಡಿ. ಸುತ್ತಿಗೆ ಬೇಡ, ಹೊಡೆದ ಕಡೆ ಅಚ್ಚಿನ ಬಣ್ಣ ಏಳುತ್ತದೆ. ಮಡಿಕೆಯನ್ನು ಒಂದೇ ಸಲಕ್ಕೆ ಸರಿಯಾಗಿ ಹಾಕಬೇಕು. ಬಗ್ಗಿಸಿ, ಬಿಚ್ಚಿ, ಮತ್ತೆ ಬಗ್ಗಿಸಿದರೆ ಅಲ್ಯೂಮಿನಿಯಂ ಅಲ್ಲೇ ಗಡುಸಾಗಿ ಮೂರು ನಾಲ್ಕು ಸಲಕ್ಕೆ ಮುರಿಯುತ್ತದೆ. ಕೈಗೆ ದಪ್ಪ ಕೈಗವಸು ಕಡ್ಡಾಯ. ಸೀಳಿದ ಅಂಚು ಬ್ಲೇಡಿನಂತೆ ಇರುತ್ತದೆ.

ನಾಲ್ಕು ಮೂಲೆಗೂ ದಬ್ಬಳದಿಂದ ತೂತು, ಅಂಚಿನಿಂದ 3 ಮಿ.ಮೀ. ಒಳಗೆ. ಇನ್ನೂ ಅಂಚಿಗೆ ಹೋದರೆ ಭಾರಕ್ಕೆ ಹರಿಯುತ್ತದೆ. ತಂತಿ ತಾಮ್ರದ್ದು, 25 ಗೇಜು, ಅಂದರೆ ಅರ್ಧ ಮಿ.ಮೀ. ದಪ್ಪ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತೂಕದ ಮೇಲೆ ಸಿಗುತ್ತದೆ. ಒಂದು ತುಂಡಿಗೆ ಸರಾಸರಿ ಎರಡು ಗಂಟು, ಗಂಟಿಗೆ 5 ಸೆಂ.ಮೀ. ತಂತಿ. 1,450 ತುಂಡಿಗೆ 145 ಮೀಟರ್, ಸುಮಾರು 260 ಗ್ರಾಂ. 350 ಗ್ರಾಂ ತನ್ನಿ. ಗಂಟನ್ನು ಎರಡೂವರೆ ಸುತ್ತು ತಿರುಗಿಸಿ ನಿಲ್ಲಿಸಿ, ತುದಿಯನ್ನು ಹಿಂಬದಿಗೆ ಒತ್ತಿ. ಇಕ್ಕಳದಿಂದ ಬಿಗಿಯಾಗಿ ಎಳೆದರೆ ಕೊಂಡಿ ಆಡುವುದಿಲ್ಲ, ಕೊಂಡಿ ಆಡದಿದ್ದರೆ ನೆರಿಗೆ ಬೀಳುವುದಿಲ್ಲ, ಇಡೀ ತುಂಡು ತಗಡಿನ ಹಲಗೆಯಾಗುತ್ತದೆ. ಹೊಸಬರು ಮಾಡುವ ಅತಿ ದೊಡ್ಡ ತಪ್ಪು ಈ ಬಿಗಿತವೇ.

ಒಂದೊಂದು ಚದರ ಅಡಿಯ ಹಾಳೆಗಳನ್ನು ಬೇರೆಬೇರೆಯಾಗಿ ಕಟ್ಟಿ, ನೆಲದ ಮೇಲೆ ಹರಡಿ, ಬಣ್ಣ ನೋಡಿ ಜಾಗ ಬದಲಿಸಿ, ಆಮೇಲೆ ಒಂದಕ್ಕೊಂದು ಸೇರಿಸಿ. ನೈಜೀರಿಯಾದ ನ್ಸುಕ್ಕಾದಲ್ಲಿರುವ ಅವರ ಸ್ಟುಡಿಯೊದ ಕ್ರಮವೂ ಇದೇ: ಸಹಾಯಕರು ಹಾಳೆಗಳನ್ನು ಕಟ್ಟುತ್ತಾರೆ, ಅನಾಟ್ಸುಯಿ ನೆಲದ ಮೇಲೆ ಅವುಗಳ ಜಾಗ ನಿರ್ಧರಿಸುತ್ತಾರೆ. ಬಣ್ಣ ಬಳಿಯುವ ಮಾತೇ ಇಲ್ಲ, ಮದ್ಯದ ಕಂಪನಿ ಅಚ್ಚು ಹಾಕಿದ ಬಣ್ಣವೇ ಅವರ ಬಣ್ಣ. ನಿಮ್ಮ ತುಂಡಿಗೆ ಸುಮಾರು 50 ಗಂಟೆಯ ಕೆಲಸ. ಐದು ಜನ ದಿನಕ್ಕೆ ಐದು ಗಂಟೆ ಕೂತರೆ ಎರಡು ದಿನ.

ಥೇಮ್ಸ್‌ದಂಡೆ

ಪ್ರದರ್ಶನಗಳ ಬಗ್ಗೆ. ಪಟ್ಟಿ ಓದಬೇಡಿ, ಸಭೆ ನಿದ್ದೆ ಹೋಗುತ್ತದೆ. ಒಂದೇ ಎಳೆ ಹಿಡಿಯಿರಿ: ಅವರ ಕೃತಿಗೆ ನಿಗದಿಯಾದ ಆಕಾರ ಇಲ್ಲ, ಹೋದ ಕಟ್ಟಡಕ್ಕೆ ತಕ್ಕಂತೆ ಅದು ಬೇರೆಯಾಗುತ್ತದೆ. ಆ ಎಳೆಗೆ ನಾಲ್ಕು ಜಾಗ ಸಾಕು.

ಮುಂಚೆ ಎರಡು ಮಾತಿನ ಹಿನ್ನೆಲೆ ಬೇಕು. ಅವರು ಹುಟ್ಟಿದ್ದು 1944ರಲ್ಲಿ ಘಾನಾದ ಅನ್ಯಾಕೊದಲ್ಲಿ. ಓದಿದ್ದು ಅದೇ ದೇಶದ ಕುಮಾಸಿಯಲ್ಲಿ. 1975ರಿಂದ ನ್ಸುಕ್ಕಾದಲ್ಲಿರುವ ನೈಜೀರಿಯಾ ವಿಶ್ವವಿದ್ಯಾಲಯದಲ್ಲಿ ಶಿಲ್ಪ ಕಲಿಸಿದರು. “ನೈಜೀರಿಯಾದ ಕಲಾವಿದ” ಎಂದಷ್ಟೇ ಹೇಳಿ ಬಿಡಬೇಡಿ. ಮುಚ್ಚಳಕ್ಕೆ ಬರುವ ಮುನ್ನ ದಶಕಗಳ ಕೆಲಸ ಇದೆ: ಸಂತೆಯ ಮರದ ತಟ್ಟೆಗಳ ಮೇಲೆ ಕಾದ ಕಬ್ಬಿಣದಿಂದ ಬರೆ ಎಳೆದದ್ದು, ಒಡೆದ ಮಡಕೆಗಳು, ಯಂತ್ರದ ಗರಗಸದಿಂದ ಸೀಳಿದ ಮರದ ಹಲಗೆಗಳು. ಗರಗಸದ ಒರಟು ಗಾಯ ಅವರಿಗೆ ಯುರೋಪು ಆಫ್ರಿಕಾವನ್ನು ತುಂಡರಿಸಿಕೊಂಡ ರೀತಿಗೆ ಹತ್ತಿರದ್ದು. ಇದನ್ನು ಐದು ನಿಮಿಷವಾದರೂ ತೋರಿಸಿ. ಇಲ್ಲದಿದ್ದರೆ 1998ರಲ್ಲಿ ನ್ಸುಕ್ಕಾ ಬಳಿ ಸಿಕ್ಕ ಮುಚ್ಚಳದ ಚೀಲ ಆಕಾಶದಿಂದ ಉದುರಿದ ಅದೃಷ್ಟದಂತೆ ಕೇಳಿಸುತ್ತದೆ.

ಮೊದಲ ಜಾಗ ವೆನಿಸ್, 2007. ಪಲಾಜೊ ಫೋರ್ಚುನಿ ಎಂಬ ಹಳೆಯ ಅರಮನೆಯ ಮುಂಗೋಡೆಯ ಮೇಲೆ ಹೊದಿಸಿದ ಕೃತಿಯ ಚಿತ್ರ ಹುಡುಕಿ. ಅಲ್ಲಲ್ಲಿ ಹರಿದ ಹಾಗೆ ಬಿಟ್ಟ ಕಡೆ ಒಳಗಿನ ಗೋಡೆ ಇಣುಕುತ್ತದೆ. ಕಟ್ಟಡವೂ ಕೃತಿಯ ಭಾಗವಾಗುತ್ತದೆ. ಎರಡನೆಯದು ಮ್ಯೂನಿಕ್, 2019. ಒಕ್ವುಯಿ ಎನ್ವೆಜೊರ್ ಮತ್ತು ಚಿಕಾ ಒಕೆಕೆ-ಅಗುಲು ರೂಪಿಸಿದ ದೊಡ್ಡ ಪ್ರದರ್ಶನ. ನಡೆದ ಕಟ್ಟಡ ಹೌಸ್ ಡೆರ್ ಕುನ್ಸ್ಟ್, ನಾಜಿ ಆಡಳಿತ ತನ್ನ ಕಲಾನೀತಿಯನ್ನು ಸಾರಲು 1937ರಲ್ಲಿ ತೆರೆದದ್ದು. ಅದರ ಕಂಬಸಾಲಿನ ಮುಂಭಾಗವನ್ನು ಅನಾಟ್ಸುಯಿ, ಮುದ್ರಣಾಲಯಗಳು ಬಳಸಿ ಬಿಟ್ಟ ಅಚ್ಚಿನ ತಗಡುಗಳಿಂದ ಮುಚ್ಚಿದರು. ಆ ಕಟ್ಟಡದ ಮೇಲೆ ಒಬ್ಬ ಆಫ್ರಿಕಾದ ಶಿಲ್ಪಿಯ ಕೃತಿ ಎಂಬುದನ್ನು ಸಭೆಗೆ ನಿಧಾನವಾಗಿ ಹೇಳಿ.

ಮೂರನೆಯದಕ್ಕೆ ಹೆಚ್ಚು ಸಮಯ ಕೊಡಿ: ಲಂಡನ್ನಿನ ಟೇಟ್ ಮಾಡರ್ನ್, ಅಕ್ಟೋಬರ್ 2023ರಿಂದ ಏಪ್ರಿಲ್ 2024. ಟರ್ಬೈನ್ ಹಾಲ್ 155 ಮೀಟರ್ ಉದ್ದ, 35 ಮೀಟರ್ ಎತ್ತರ, ಹಿಂದೆ ವಿದ್ಯುತ್ ಸ್ಥಾವರ. ಅಲ್ಲಿ ಮೂರು ತೂಗುಗಳು. ಮೊದಲನೆಯದು ಕೆಂಪು ಚಂದ್ರ ಹೊತ್ತ ಹಡಗಿನ ಹಾಯಿ. ಎರಡನೆಯದು ಉಂಗುರದ ಬಲೆಯಿಂದ ಮಾಡಿದ, ಮನುಷ್ಯರಂತೆ ತೋರುವ ಬಿಡಿ ಆಕಾರಗಳು. ಒಂದು ನಿರ್ದಿಷ್ಟ ಜಾಗದಲ್ಲಿ ನಿಂತರೆ ಅವೆಲ್ಲ ಕೂಡಿ ಒಂದು ದುಂಡು ಭೂಮಿಯಾಗುತ್ತವೆ, ಎರಡು ಹೆಜ್ಜೆ ಸರಿದರೆ ಮತ್ತೆ ಚೆದುರುತ್ತವೆ. ಮೂರನೆಯದು ಮೇಲಿಂದ ನೆಲಕ್ಕೆ ಇಳಿದು ಅಲೆಯಾಗಿ ಉಬ್ಬುವ ಕಪ್ಪು ಗೋಡೆ. ಅದರ ಹಿಂದಕ್ಕೆ ಹೋದರೆ ಬೆಳ್ಳಿಬಣ್ಣದ ನಡುವೆ ಬಣ್ಣದ ಚೂರುಗಳು. “ಶಿಲ್ಪ ಹೇಗೆ?” ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಸುತ್ತ ನಡೆಯಬೇಕು, ಹಿಂದೆ ಹೋಗಬೇಕು, ನಿಂತ ಜಾಗಕ್ಕೆ ತಕ್ಕಂತೆ ಆಕಾರ ಬದಲಾಗುತ್ತದೆ. ಬಟ್ಟೆಯ ಚಿತ್ರ ಇದನ್ನು ಮಾಡುವುದಿಲ್ಲ.

ಒಂದು ಎಚ್ಚರಿಕೆ. ಮದ್ಯ, ಸಕ್ಕರೆ, ಗುಲಾಮರ ವ್ಯಾಪಾರದ ನಂಟು ಹೇಳುವಾಗ “ಹೆನ್ರಿ ಟೇಟ್ ಗುಲಾಮರನ್ನು ಇಟ್ಟುಕೊಂಡಿದ್ದ” ಎಂದು ಬಾಯಿ ತಪ್ಪಬೇಡಿ. ಟೇಟ್ ಮ್ಯೂಸಿಯಂಗೆ ಹೆಸರು ಕೊಟ್ಟ ಈ ಉದ್ಯಮಿ ಸಕ್ಕರೆ ಶುದ್ಧೀಕರಣಕ್ಕೆ ಇಳಿದದ್ದು 1859ರಲ್ಲಿ, ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದತಿಯ ಕಾಯ್ದೆ 1833ರದು. ಆದರೆ ಕೆರಿಬಿಯನ್ ಕಬ್ಬಿನ ತೋಟಗಳು ನಿಂತದ್ದು ಗುಲಾಮರ ದುಡಿಮೆಯ ಮೇಲೆ. ಆಫ್ರಿಕಾದ ಕರಾವಳಿಯಲ್ಲಿ ಯುರೋಪಿನವರು ವಿನಿಮಯಕ್ಕೆ ತಂದ ಸರಕಿನಲ್ಲಿ ಮದ್ಯವೂ ಒಂದು. ಮುಚ್ಚಳವನ್ನು ಅವರು ಆರಿಸಿದ್ದರಲ್ಲಿ ಈ ಮೂರು ಖಂಡಗಳ ನಂಟು ಇದೆ. ಹಾಗಾಗಿ “ಕಸದಿಂದ ರಸ” ಎಂಬ ಶೀರ್ಷಿಕೆ ದಯವಿಟ್ಟು ಕೊಡಬೇಡಿ, ಕೃತಿಯ ಅರ್ಧ ಮಾತನ್ನು ಅದು ನುಂಗುತ್ತದೆ.

ನಾಲ್ಕನೆಯ ಜಾಗ ನಿಮ್ಮ ಗೋಡೆಯೇ.

ಗೋಡೆಕೆಲಸ

ತೂಗುಹಾಕುವ ಬಗ್ಗೆ. ನಿಮ್ಮ ತುಂಡಿನ ತೂಕ ಎರಡು ಕಿಲೋದ ಒಳಗೇ. ಭಾರ ಸಮಸ್ಯೆಯಲ್ಲ, ಭಾರ ಹಂಚಿಕೆ ಸಮಸ್ಯೆ. ಎರಡು ಮೂಲೆಗೆ ಮೊಳೆ ಹೊಡೆದು ನೇತುಹಾಕಿದರೆ ನಡು ಜೋತು, ಎಲ್ಲ ಎಳೆತ ಮೂಲೆಯ ಎರಡು ಮೂರು ಗಂಟಿನ ಮೇಲೆ ಬೀಳುತ್ತದೆ. ಒಂದು ಬಿಚ್ಚಿದರೆ ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಗೋಡೆಗೆ 4 ಅಡಿ ಉದ್ದದ 2 × 1 ಇಂಚಿನ ಮರದ ರೀಪರ್ ಹೊಡೆದು, ಅದರ ಮೇಲೆ 4 ಇಂಚಿಗೊಂದು ಸ್ಕ್ರೂ ಅರ್ಧ ಹೊರಗುಳಿಯುವಂತೆ ಹಾಕಿ. ತುಂಡಿನ ಮೇಲಿನ ಎರಡು ಸಾಲಿಗೆ ಜೋಡಿ ತಂತಿ ಇರಲಿ. ಸ್ಕ್ರೂಗೆ ಸಿಕ್ಕಿಸುವುದು ತಂತಿಯ ಗಂಟನ್ನು, ತಗಡಿನ ತೂತನ್ನಲ್ಲ. ತೂತು ಹರಿಯುತ್ತದೆ.

ನಡುವಿನಿಂದ ಶುರುಮಾಡಿ ಎರಡೂ ಬದಿಗೆ ಹೋಗಿ. ನೆರಿಗೆಗೆ ಬೇಕಾದ ಕಡೆ 3 ಇಂಚಿನ ಸ್ಕ್ರೂ ಹಾಕಿ, ಹಿಂದೆ ಒಂದೂವರೆ ಇಂಚಿನ ಥರ್ಮೋಕೋಲ್ ತುಂಡು ಇಟ್ಟರೆ ಉಬ್ಬು ನಿಲ್ಲುತ್ತದೆ. ಬರೀ ಕೈಯಿಂದ ಒತ್ತಿ ಮಾಡಿದ ನೆರಿಗೆ ಭಾರಕ್ಕೆ ಮೆಲ್ಲಗೆ ಇಳಿದು ಮರುದಿನಕ್ಕೆ ಚಪ್ಪಟೆಯಾಗುತ್ತದೆ. ಕೆಳ ಅಂಚನ್ನು ಕಟ್ಟಬೇಡಿ, ಬಿಡಿ.

ಮ್ಯೂಸಿಯಂಗಳಲ್ಲಿ ನಡೆಯುವುದೂ ಇದರ ದೊಡ್ಡ ರೂಪ: ಕೃತಿ ಮಡಿಸಿದ ಸ್ಥಿತಿಯಲ್ಲಿ ಪೆಟ್ಟಿಗೆಯಲ್ಲಿ ಬರುತ್ತದೆ, ನೆಲದ ಮೇಲೆ ಹರಡಿ ಬಿಚ್ಚಿದ ಗಂಟುಗಳನ್ನು ಸರಿಪಡಿಸಿ ಆಮೇಲೆ ಏರಿಸುತ್ತಾರೆ. ನೆರಿಗೆ ಎಲ್ಲಿ ಬೀಳಬೇಕೆಂಬ ತೀರ್ಮಾನವನ್ನು ಅನಾಟ್ಸುಯಿ ಅಲ್ಲಿನವರಿಗೇ ಬಿಡುತ್ತಾರೆ. ಅದಕ್ಕೇ ನಿಮ್ಮ ಸಭೆಯಲ್ಲಿ ತುಂಡನ್ನು ಎರಡು ಸಲ ತೂಗುಹಾಕಿ. ಮೊದಲು ನೀವು, ಆಮೇಲೆ ಕೇಳುಗರಲ್ಲಿ ಇಬ್ಬರನ್ನು ಕರೆದು ಅವರಿಗೆ ತೋಚಿದ ಹಾಗೆ. ಒಂದೊಂದಕ್ಕೆ ಏಳೆಂಟು ನಿಮಿಷ ಹಿಡಿಯುತ್ತದೆ, ಮಾತನ್ನು ಅಷ್ಟು ಕಡಿಮೆ ಮಾಡಿಕೊಳ್ಳಿ. ಅವರಿಗೂ ಕೈಗವಸು ಕೊಡಿ.

ಬೆಳಕು ಎದುರಿನಿಂದ ಬೇಡ. ಒಂದು ಬದಿಯಿಂದ, ಗೋಡೆಗೆ ಸವರಿಕೊಂಡು ಬರುವಂತೆ ಒಂದೇ ದೀಪ. ನೆರಿಗೆಯ ನೆರಳು ಬಿದ್ದರೆ ಅರ್ಧ ಕೆಲಸ ಮುಗಿಯಿತು.

ಬಣ್ಣದಬುಟ್ಟಿ

ಮೂವರಿಗೂ ಧನ್ಯವಾದ. 4 ಅಡಿ ಅಗಲಕ್ಕೆ ಕಟ್ಟುವುದು, ಎರಡು ಸಲ ತೂಗುಹಾಕುವುದು, ಎರಡೂ ಖಚಿತ. ಇನ್ನೆರಡು ಸಂದೇಹ. ಸಭೆ ಆದಮೇಲೆ ತುಂಡು ಕರಾವಳಿಯ ಊರಿನ ಒಂದು ಶಾಲೆಗೆ ಹೋಗುತ್ತದೆ. ತಾಮ್ರ ಮತ್ತು ಅಲ್ಯೂಮಿನಿಯಂ ಒಟ್ಟಿಗಿದ್ದರೆ ಉಪ್ಪುಗಾಳಿಗೆ ಕೆಡುವುದಿಲ್ಲವೇ? ಫೋಟೊದಲ್ಲಿ ಹೊಳಪು ಹೊಡೆಯದಂತೆ ಏನು ಮಾಡಬೇಕು?

ತಂತಿಗಂಟು

ಕೆಡುತ್ತದೆ. ಉಪ್ಪು, ತೇವ ಸೇರಿದ ಕಡೆ ತಾಮ್ರ ಹಾಗೇ ಉಳಿದು ಅಲ್ಯೂಮಿನಿಯಂ ಸವೆಯುತ್ತದೆ, ತೂತಿನ ಸುತ್ತ ಬಿಳಿ ಪುಡಿ ಕಾಣುತ್ತದೆ. ವೈಂಡಿಂಗ್ ತಂತಿಗೆ ಎನಾಮೆಲ್ ಲೇಪ ಇರುವುದರಿಂದ ಎರಡು ಲೋಹ ನೇರವಾಗಿ ತಾಗುವುದಿಲ್ಲ. ಆ ಲೇಪವನ್ನು ಕೆರೆಯಬೇಡಿ, ಹೊಳೆಯಲಿ ಎಂದು ಉಜ್ಜಲೂಬೇಡಿ. ಕಿಟಕಿಯ ಪಕ್ಕ, ಹೊರಗೋಡೆಯ ಮೇಲೆ ಹಾಕಬೇಡಿ. ಫ್ಯಾನಿನ ನೇರಕ್ಕೂ ಬೇಡ, ಸದಾ ಅಲುಗಾಡಿ ತಂತಿ ಗಂಟಿನ ಬುಡದಲ್ಲೇ ತುಂಡಾಗುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಕೆಳಗಿಳಿಸಿ ಒಣಬಟ್ಟೆಯಿಂದ ಒರೆಸಿ, ಬಿಚ್ಚಿದ ಗಂಟು ಕಟ್ಟಿ, ಮತ್ತೆ ಬೇರೆ ರೀತಿಯಲ್ಲಿ ತೂಗುಹಾಕಲು ಮಕ್ಕಳಿಗೇ ಹೇಳಿ.

ಗೋಡೆಕೆಲಸ

ಫೋಟೊಗೆ ಪೋಲರೈಸರ್ ಗಾಜು ನಂಬಬೇಡಿ. ನೀರು, ಗಾಜಿನ ಹೊಳಪನ್ನು ಅದು ತೆಗೆಯುತ್ತದೆ, ಬರಿ ಲೋಹದ ಹೊಳಪಿನ ಮೇಲೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ಫ್ಲ್ಯಾಶ್ ಆರಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ, ದೀಪದ ಮುಂದೆ ಬಿಳಿ ಪಂಚೆ ಹಿಡಿದು ಬೆಳಕನ್ನು ಮೆದು ಮಾಡಿ. ದೀಪ ಬಿಸಿಯಾಗುವಂಥದ್ದಾದರೆ ಪಂಚೆ ಎರಡು ಅಡಿ ದೂರದಲ್ಲಿರಲಿ. ಎರಡೂ ತೂಗುಗಳನ್ನು ಕ್ಯಾಮೆರಾ ಕದಲಿಸದೆ ಒಂದೇ ಜಾಗದಿಂದ ತೆಗೆಯಿರಿ, ಪಕ್ಕಪಕ್ಕ ಇಟ್ಟಾಗ ಬದಲಾದದ್ದು ನೆರಿಗೆ ಮಾತ್ರ ಎಂದು ಕಾಣಬೇಕು.