ತಾತನ ಎಚ್‌ಎಂಟಿ ಜನತಾ ವಾಚ್ ತೊಳೆಯೋಕೆ ಏನು ಬಳಸಲಿ? ಮಾಡಿ ನೋಡಿದವರು ಹೇಳಿ

ತಾತನ ಜನತಾ ನನ್ನ ಕೈಗೆ ಬಂದಿದೆ. ಪೂರ್ತಿ ಕೀ ಕೊಟ್ಟರೂ ಹತ್ತು ನಿಮಿಷ ಓಡಿ ನಿಲ್ಲುತ್ತೆ. ಹಿಂದಿನ ಮುಚ್ಚಳ ತೆಗೆದು ನೋಡಿದರೆ ಎಣ್ಣೆಯೆಲ್ಲ ಕಂದು ಅಂಟಾಗಿದೆ. ಎರಡು ಗುಜರಿ ಮೂವ್‌ಮೆಂಟ್ (ವಾಚ್‌ನ ಒಳಗಿನ ಯಂತ್ರ) ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡಿದ್ದೇನೆ. ತೊಳೆಯೋ ವಿಷಯಕ್ಕೆ ಮಾತ್ರ ಒಬ್ಬರು ಪೆಟ್ರೋಲ್ ಅಂತಾರೆ, ಒಬ್ಬರು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಇನ್ನೊಬ್ಬರು ಅಮೋನಿಯಾ. ಯಾವುದು ಸರಿ?

*

ಯಾವುದು ಒಳ್ಳೆಯದು ಅನ್ನೋದಕ್ಕಿಂತ ಯಾವ ಭಾಗವನ್ನು ಯಾವುದರಲ್ಲಿ ಹಾಕಬಾರದು ಅಂತ ಮೊದಲು ತಿಳ್ಕೊಳ್ಳಿ. ನಾನು ಇದನ್ನು ಕಲಿತಿದ್ದು ಒಂದು ವಾಚ್ ಕೆಡಿಸಿಕೊಂಡ ಮೇಲೆ.

ನಿಮ್ಮ ಜನತಾದಲ್ಲಿ ಸವೆತ ತಡೆಯೋ 17 ಕಲ್ಲುಗಳಿವೆ, ಅಂದರೆ ಸಣ್ಣ ಕೃತಕ ಮಾಣಿಕ್ಯಗಳು. ಅದರಲ್ಲಿ 14 ಗಟ್ಟಿಯಾಗಿ ಕೂತಿರೋ ಕಲ್ಲುಗಳು, ಏನು ಹಾಕಿದರೂ ಅಲುಗಾಡಲ್ಲ. ಉಳಿದ ಮೂರು, ಅಂದರೆ ಪ್ಯಾಲೆಟ್ ಫೋರ್ಕ್‌ನ (ಚಕ್ರವನ್ನು ಒಂದೊಂದೇ ಹಲ್ಲು ತಡೆದು ಬಿಡೋ ಕವೆ) ಎರಡು ಮತ್ತು ಬ್ಯಾಲೆನ್ಸ್ (ಅತ್ತಿತ್ತ ತೂಗೋ ಚಕ್ರ) ಕೆಳಗಿರೋ ಸಣ್ಣದೊಂದು, ನಿಂತಿರೋದು ಅರಗಿನ ಮೇಲೆ. ಹೌದು, ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸ್ತಾರಲ್ಲ, ಅದೇ ಅರಗು. ಬಡಗಿಗಳು ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಶ್ ಮಾಡೋದು ನೋಡಿರ್ತೀರಿ. ಐಪಿಎ ಕೂಡ ಆಲ್ಕೋಹಾಲೇ ಅಲ್ವಾ? ನಾನು ಇದನ್ನು ಯೋಚಿಸದೆ ರಾತ್ರಿ ಎಲ್ಲ ಭಾಗಗಳನ್ನೂ ಒಂದೇ ಬಾಟಲಿಯ ಐಪಿಎಯಲ್ಲಿ ನೆನೆಹಾಕಿ ಮಲಗಿಬಿಟ್ಟೆ. ಬೆಳಿಗ್ಗೆ ಪ್ಯಾಲೆಟ್ ಕಲ್ಲು ಒಂದು ಕಡೆ, ಫೋರ್ಕ್ ಒಂದು ಕಡೆ. ಮತ್ತೆ ಕೂರಿಸೋದು ನನ್ನ ಕೈಲಿ ಆಗಲಿಲ್ಲ.

ಪೆಟ್ರೋಲ್ ಬಗ್ಗೆ. ಹಳೇ ರಿಪೇರಿಯವರು ಬ್ರಷ್‌ನಲ್ಲಿ ಪೆಟ್ರೋಲ್ ಹಚ್ಚಿ ತೊಳೆದೇ ಜೀವನ ಕಳೆದಿದ್ದಾರೆ, ಸುಳ್ಳಲ್ಲ. ಆದರೆ ಈಗ ಬಂಕ್‌ನಲ್ಲಿ ಸಿಗೋದರಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತೆ. ಅದೂ ಆಲ್ಕೋಹಾಲ್, ಜೊತೆಗೆ ಗಾಳಿಯ ತೇವ ಎಳ್ಕೊಳ್ಳುತ್ತೆ. ಬಣ್ಣ, ಇತರೆ ಸೇರಿಕೆಗಳು ಬೇರೆ. ಅವರ ಕಾಲದ ಪೆಟ್ರೋಲ್ ಬೇರೆ, ನಮ್ಮದು ಬೇರೆ. ಬದಲಿಗೆ ಲೈಟರ್‌ಗೆ ಹಾಕೋ ನಾಫ್ತಾ ತಗೊಳ್ಳಿ. ಅರಗಿಗೆ ಏನೂ ಮಾಡಲ್ಲ, ಜಿಡ್ಡು ಬಿಡಿಸುತ್ತೆ, ಬೇಗ ಆರುತ್ತೆ. ಫೋರ್ಕ್, ಬ್ಯಾಲೆನ್ಸ್ ಎರಡಕ್ಕೂ ನಾನು ಅದನ್ನೇ ಬಳಸೋದು. ಸೀಮೆಎಣ್ಣೆ ಬೇಡ, ಆರಿದ ಮೇಲೂ ಜಿಡ್ಡಿನ ಪದರ ಉಳಿಯುತ್ತೆ. ಆ ಜಿಡ್ಡಿಗೆ ಹೇರ್‌ಸ್ಪ್ರಿಂಗ್‌ನ (ಬ್ಯಾಲೆನ್ಸ್‌ನ ಕೂದಲೆಳೆಯಂಥ ಸುರುಳಿ) ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಗಡಿಯಾರ ಹುಚ್ಚು ಹಿಡಿದ ಹಾಗೆ ಮುಂದೆ ಓಡುತ್ತೆ.

*

ಮೇಲಿನವರು ಹೇಳಿದ್ದು ಸರಿ, ಆದರೆ ನಾಫ್ತಾ ಒಂದರಲ್ಲೇ ಪ್ಲೇಟು, ಚಕ್ರಗಳು ಹೊಳೆಯಲ್ಲ. ಹಿತ್ತಾಳೆಯ ಮೇಲಿನ ಕಪ್ಪು ಹೋಗಬೇಕಾದರೆ ಅಮೋನಿಯಾ ಇರೋ ದ್ರಾವಣವೇ ಬೇಕು. ವಾಚ್‌ಗೆ ಅಂತಲೇ ಮಾಡಿದ್ದು ಸಿಕ್ಕರೆ ಅದನ್ನೇ ತಗೊಳ್ಳಿ, ಲೇಬಲ್‌ನಲ್ಲಿ ಹೇಳಿದ ಅಳತೆ ಮೀರಬೇಡಿ. ನಾನು ಮನೆಯಲ್ಲೇ ಅಮೋನಿಯಾ, ಪಾತ್ರೆ ತೊಳೆಯೋ ಲಿಕ್ವಿಡ್, ಡಿಸ್ಟಿಲ್ಡ್ ವಾಟರ್ ಬೆರೆಸಿ ಮಾಡ್ಕೊಂಡಿದ್ದೆ. ಕೆಲಸವೇನೋ ಆಯಿತು, ಮನೆಯವರು ಎರಡು ದಿನ ಮಾತಾಡಲಿಲ್ಲ, ಅಂಥ ವಾಸನೆ. ಒಂದು ಸಲ ಫೋನ್ ಬಂತು ಅಂತ ಎದ್ದು ಹೋಗಿ ಮರೆತುಬಿಟ್ಟೆ. ವಾಪಸ್ ಬರುವಷ್ಟರಲ್ಲಿ ಹೊಳೆಯೋ ಹಿತ್ತಾಳೆ ಮಂಕಾಗಿ ಕಲೆ ಬಿದ್ದಿತ್ತು. ಐದಾರು ನಿಮಿಷ ಸಾಕು, ಜಾಸ್ತಿ ಬೇಡ. ಮತ್ತೆ ಯಾವ ಕಾರಣಕ್ಕೂ ಬ್ಲೀಚ್ ಇರೋದರ ಜೊತೆ ಬೆರೆಸಬೇಡಿ, ವಿಷದ ಗಾಳಿ ಬರುತ್ತೆ.

*

ಎಲ್ಲರೂ ತೊಳೆಯೋ ಮಾತೇ ಆಡ್ತಿದ್ದೀರಿ, ಜಾಲಿಸೋದರ ಬಗ್ಗೆ ಯಾರೂ ಹೇಳ್ತಿಲ್ಲ. ನನ್ನ ಅನುಭವದಲ್ಲಿ ಕೆಡೋದು ಅಲ್ಲೇ. ಸೋಪು ಉಳಿದರೆ ಹೊಸ ಎಣ್ಣೆ ನಿಲ್ಲಲ್ಲ, ಹರಡಿಬಿಡುತ್ತೆ. ನೀರು ಉಳಿದರೆ ಉಕ್ಕಿನ ಪಿನಿಯನ್ (ಸಣ್ಣ ಹಲ್ಲುಚಕ್ರ) ತುಕ್ಕು ಹಿಡಿಯುತ್ತೆ, ನಮ್ಮ ಮಂಗಳೂರಿನ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ, ಆಮೇಲೆ 99 ಪರ್ಸೆಂಟ್ ಐಪಿಎಯಲ್ಲಿ ಎರಡು ಸಲ, ಎರಡನೇದಕ್ಕೆ ಹೊಸ ಐಪಿಎ. ಮೆಡಿಕಲ್ ಶಾಪ್‌ನ 70 ಪರ್ಸೆಂಟ್‌ನಲ್ಲಿ ಉಳಿದಿದ್ದು ನೀರೇ. ಫೋರ್ಕ್, ಬ್ಯಾಲೆನ್ಸ್ ಈ ಸಾಲಿಗೆ ಬರೋದೇ ಇಲ್ಲ. ಹಾಗೇ ತೊಳೆಯೋ ಮೊದಲು ಕಲ್ಲಿನ ತೂತುಗಳಲ್ಲಿ ಚೂಪಾಗಿ ಹೆರೆದ ಕಡ್ಡಿ ತಿರುಗಿಸಿ ತೆಗೆಯಿರಿ, ಕಡ್ಡಿ ಬಿಳಿಯಾಗಿ ಹೊರಗೆ ಬರೋವರೆಗೆ. ಗಟ್ಟಿಯಾದ ಎಣ್ಣೆ ಯಾವ ದ್ರಾವಣಕ್ಕೂ ಸುಮ್ನೆ ಬಗ್ಗಲ್ಲ.

*

ಶಬ್ದದ ಅಲೆಗಳಿಂದ ಕೊಳೆ ಬಿಡಿಸೋ ಅಲ್ಟ್ರಾಸಾನಿಕ್ ಮಷೀನ್ ಇದ್ದರೆ ಅದರ ತೊಟ್ಟಿಗೆ ನಾಫ್ತಾ, ಐಪಿಎ ಸುರಿಯಬೇಡಿ, ಬೆಂಕಿ ಹತ್ತುತ್ತೆ. ಅದರಲ್ಲಿ ನೀರಿನ ದ್ರಾವಣ ಮಾತ್ರ. ಡಯಲ್‌ಗೆ ಏನೂ ಮುಟ್ಟಿಸಬೇಡಿ. ನನ್ನದೊಂದರಲ್ಲಿ ಕೊಳೆಯ ಜೊತೆ ಅಕ್ಷರವೂ ಹೋಯಿತು.

*

ಎಲ್ಲರಿಗೂ ಥ್ಯಾಂಕ್ಸ್. ನಾಫ್ತಾ ತಂದಿದ್ದೇನೆ, 99ರ ಐಪಿಎ ಲ್ಯಾಬ್ ಕೆಮಿಕಲ್ ಅಂಗಡಿಯಲ್ಲಿ ಸಿಕ್ಕಿತು. ಒಂದೇ ಡೌಟು, ಮೇನ್‌ಸ್ಪ್ರಿಂಗ್ (ಕೀ ಕೊಟ್ಟಾಗ ಬಿಗಿಯಾಗೋ ಸ್ಪ್ರಿಂಗ್) ಇರೋ ಡಬ್ಬಿಯನ್ನು ಬಿಚ್ಚದೆ ಹಾಗೇ ಮುಳುಗಿಸಬಹುದಾ?

*

ಬೇಡ. ಒಳಗೆ ಹೋದ ದ್ರಾವಣ ಪೂರ್ತಿ ಆರಲ್ಲ, ಇದ್ದಬದ್ದ ಗ್ರೀಸೂ ತೊಳೆದುಹೋಗುತ್ತೆ. ಬಿಚ್ಚಿ, ಸ್ಪ್ರಿಂಗನ್ನು ನಾಫ್ತಾ ಅದ್ದಿದ ಬಟ್ಟೆಯಲ್ಲಿ ಒರೆಸಿ, ಹೊಸ ಗ್ರೀಸ್ ಹಾಕಿ. ಬಿಚ್ಚೋವಾಗ ಕನ್ನಡಕ ಹಾಕ್ಕೊಳ್ಳಿ, ಮುಖಕ್ಕೇ ಹಾರುತ್ತೆ.