ಉಪ್ಪು ತಡೆಯುವುದು, ಉಪ್ಪು ತಡೆದುಕೊಳ್ಳುವುದು: ‘ಸಹಿಷ್ಣುತೆ’ಗೆ ಯಾವ ಪದ ಬಳಸಲಿ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಹೈಸ್ಕೂಲು ಮಕ್ಕಳೂ ರೈತರೂ ಓದುವಂಥ ಒಂದು ಚಿಕ್ಕ ಲೇಖನ ಬರೆಯುತ್ತಿದ್ದೇನೆ. ಮಸೂರ ಬೇಳೆಯ ಗಿಡ ಉಪ್ಪಿನ ನೆಲದಲ್ಲಿ ಹೇಗೆ ಬದುಕುತ್ತದೆ, ಹೊಲದ ತಳಿಗೂ ಅದರ ಕಾಡು ನೆಂಟರಿಗೂ ಇದರಲ್ಲಿ ಏನು ವ್ಯತ್ಯಾಸ ಅನ್ನುವುದು ವಿಷಯ. ತಲೆಬರಹದಲ್ಲೇ ಸಿಕ್ಕಿಬಿದ್ದಿದ್ದೇನೆ. ‘ಕಾಡು ಮಸೂರದ ಲವಣ ಸಹಿಷ್ಣುತೆ’ ಅಂತ ಬರೆದಿಟ್ಟಿದ್ದೆ. ಒಂಬತ್ತನೇ ತರಗತಿ ಓದುವ ಅಕ್ಕನ ಮಗಳು ಅದನ್ನು ನೋಡಿ, "ಚಿಕ್ಕಮ್ಮ, ಮಸೂರ ಅಂದ್ರೆ ಭೂತಗನ್ನಡಿಯ ಗಾಜು ಅಲ್ವಾ? ಅದಕ್ಕೆ ಕಾಡು ಯಾಕೆ?" ಅಂತ ಕೇಳಿದಳು.

ಅವಳದು ತಪ್ಪಲ್ಲ. ಪೀನ ಮಸೂರ, ನಿಮ್ನ ಮಸೂರ ಅಂತ ವಿಜ್ಞಾನದ ಪುಸ್ತಕದಲ್ಲಿ ಓದಿಕೊಂಡೇ ಬಂದಿದ್ದಾಳೆ. ನಿಜಕ್ಕೂ ಬೇಳೆಯೇ ಮೊದಲು, ಗಾಜು ಆಮೇಲೆ. ಲ್ಯಾಟಿನ್‌ನಲ್ಲಿ ಲೆನ್ಸ್ ಅಂದರೆ ಈ ಕಾಳೇ. ಎರಡು ಕಡೆಯೂ ಉಬ್ಬಿದ ಗಾಜು ಕಾಳಿನ ಹಾಗೆ ಕಂಡದ್ದರಿಂದ ಅದಕ್ಕೂ ಅದೇ ಹೆಸರು ಬಂತು. ನಮ್ಮವರು ಅದೇ ದಾರಿಯಲ್ಲಿ ಹೋಗಿ ಸಂಸ್ಕೃತದ ಮಸೂರವನ್ನು ಗಾಜಿಗೂ ಇಟ್ಟರು. ಚೆಂದದ ಪದ. ಆದರೆ ಇವತ್ತಿನ ಮಗುವಿಗೆ ಮೊದಲು ಸಿಗುವುದು ಗಾಜು. ಹಾಗಾಗಿ ಗಿಡಕ್ಕೆ ‘ಚನ್ನಂಗಿ’ ಅನ್ನೋಣ ಅಂದುಕೊಂಡಿದ್ದೇನೆ. ಚನ್ನಂಗಿ ಬೇಳೆ ಅನ್ನುವ ಮಾತು ಅಡುಗೆಮನೆಯಲ್ಲಿ ಇದ್ದೇ ಇದೆ. ತೊಡಕು ಒಂದೇ. ಈ ಬೆಳೆ ಹೆಚ್ಚಾಗಿ ಮಧ್ಯಪ್ರದೇಶ, ಉತ್ತರ ಪ್ರದೇಶ, ಬಿಹಾರ, ಬಂಗಾಳದ ಕಡೆಯದು. ನಮಗೆ ಅದು ಅಂಗಡಿಯಲ್ಲಿ ಸಿಗುವ ಕೆಂಪು ಬೇಳೆಯಾಗಿ ಗೊತ್ತೇ ಹೊರತು ಹೊಲದಲ್ಲಿ ನಿಂತ ಗಿಡವಾಗಿ ಗೊತ್ತಿಲ್ಲ. ‘ಚನ್ನಂಗಿ ಗಿಡ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

‘ಕಾಡು’ ಪದವನ್ನು ಹಾಗೇ ಬಿಡುತ್ತೇನೆ. ಟರ್ಕಿ, ಸಿರಿಯಾ ಕಡೆ ಈ ಗಿಡ ಇರುವುದು ಕಲ್ಲು ಕಲ್ಲಾದ ಬಯಲು ಇಳಿಜಾರಿನಲ್ಲಿ, ಮರಗಳ ನಡುವೆ ಅಲ್ಲ. ಆದರೂ ಕಾಡುಮಲ್ಲಿಗೆ, ಕಾಡುಹಾಗಲ ಅನ್ನುವಾಗ ನಾವೇನು ಮರ ಹುಡುಕುವುದಿಲ್ಲ. ಯಾರೂ ಬಿತ್ತದೆ ತಾನೇ ಹುಟ್ಟಿದ್ದು ಅಂದರೆ ಸಾಕು. ಕಾಡು ಚನ್ನಂಗಿಯ ಕಾಯಿ ಬಲಿತರೆ ಸಿಡಿದು ಕಾಳು ಚೆಲ್ಲುತ್ತದೆ. ಹೊಲದ ಚನ್ನಂಗಿ ಕಾಳನ್ನು ಕಾಯಿಯೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಲೇಖನದಲ್ಲಿ ಹೇಳಿದರೆ ಕಾಡು ಯಾವುದು, ಹೊಲ ಯಾವುದು ಅಂತ ತಾನಾಗಿ ತಿಳಿಯುತ್ತದೆ. ‘ಲವಣ’ದ ಜಾಗಕ್ಕೆ ಸೀದಾ ‘ಉಪ್ಪು’. ನೆಲದ ಮಾತು ಬಂದಾಗ ‘ಸವಳು’. ತುಂಗಭದ್ರಾ ನಾಲೆಯ ಕಡೆ ‘ಸವಳು ಜವಳು’ ಅಂತ ಜೋಡಿಯಾಗಿಯೇ ಬಳಕೆಯಲ್ಲಿದೆ. ಉಪ್ಪೇರಿದ್ದು ಸವಳು, ನೀರು ನಿಂತದ್ದು ಜವಳು. ಅದಕ್ಕಿಂತ ಒಳ್ಳೆಯ ಪದ ಬೇಕಿಲ್ಲ.

ನಿಜವಾದ ಕಷ್ಟ ‘ಸಹಿಷ್ಣುತೆ’ಯದು.

ಬರೆಯುವ ಮುಂಚೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಸಿಪ್ಪೆ ಸಮೇತದ ಚನ್ನಂಗಿ ಕಾಳನ್ನು ಮೊಳಕೆ ಕಟ್ಟಿ, ಎರಡು ಲೋಟದ ಬಾಯಿಗೆ ತೆಳು ಬಟ್ಟೆ ಬಿಗಿದು ಅದರ ಮೇಲೆ ಇಟ್ಟೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಲೀಟರಿಗೆ 7 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿದ ನೀರು. ಲ್ಯಾಬಿನಲ್ಲಿ 120 ಮಿಲಿಮೋಲಾರ್ ಅಂತ ಬರೆಯುವುದು ಹೆಚ್ಚುಕಡಿಮೆ ಇಷ್ಟೇ ಉಪ್ಪನ್ನು. ವಾರದ ಹೊತ್ತಿಗೆ ಮೊದಲನೇ ಲೋಟದಲ್ಲಿ ಬಿಳಿ ಬೇರು ಬೆರಳುದ್ದ ಇಳಿದಿತ್ತು. ಉಪ್ಪಿನ ಲೋಟದಲ್ಲಿ ಬೇರು ಮೊಂಡಾಗಿ, ಕಂದು ಬಣ್ಣಕ್ಕೆ ತಿರುಗಿ, ಬಟ್ಟೆಯ ಹತ್ತಿರವೇ ನಿಂತುಬಿಟ್ಟಿತ್ತು. ಎಲೆಯ ತುದಿ ಸುಟ್ಟ ಹಾಗೆ ಮುದುಡಿತ್ತು. ಅಮ್ಮ ಅದನ್ನು ನೋಡಿ, "ಪಾಪ, ಅಷ್ಟು ಉಪ್ಪು ತಡ್ಕೊಳ್ಳಲ್ಲ ಅದು, ತೆಗೆದುಬಿಡು" ಅಂದರು.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ತಡೆ ಅಂದರೆ ಅಡ್ಡ ನಿಲ್ಲುವುದು, ಒಳಗೆ ಬಿಡದಿರುವುದು. ಅದಕ್ಕೆ ಕೊಳ್ಳು ಸೇರಿ ತಡೆದುಕೊಳ್ಳು ಆದರೆ ಬಂದದ್ದನ್ನು ಅನುಭವಿಸಿ ನಿಲ್ಲುವುದು. ಒಂದೇ ಪದದಿಂದ ಎರಡು ಅರ್ಥ. ಗಿಡ ಮಾಡುವುದೂ ಸರಿಯಾಗಿ ಈ ಎರಡನ್ನೇ!

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಪ್ಪು ಗಿಡಕ್ಕೆ ಎರಡು ಥರ ಕಾಟ ಕೊಡುತ್ತದೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ರಾತ್ರಿ ಕಳೆಯುವುದರಲ್ಲಿ ನೀರು ಬಿಟ್ಟುಕೊಂಡಿರುತ್ತದಲ್ಲ, ಉಪ್ಪಿನ ಎಳೆತ ಅಂಥದ್ದು, ಹಾಗಾಗಿ ಸವಳು ಮಣ್ಣಿನಲ್ಲಿ ನೀರಿದ್ದರೂ ಬೇರಿಗೆ ಅದನ್ನು ಎಳೆದುಕೊಳ್ಳುವುದು ಕಷ್ಟ. ಇದು ಮೊದಲನೇ ಕಾಟ. ಎರಡನೆಯದು ನಿಧಾನದ್ದು. ಸೋಡಿಯಂ ನೀರಿನ ಜೊತೆ ಮೇಲೇರಿ ಎಲೆಯಲ್ಲಿ ಕೂಡುತ್ತಾ ಹೋಗುತ್ತದೆ, ಪೊಟ್ಯಾಸಿಯಂ ಇರಬೇಕಾದ ಜಾಗ ಹಿಡಿಯುತ್ತದೆ, ಹಳೆಯ ಎಲೆಗಳು ಮೊದಲು ಸಾಯುತ್ತವೆ. ಇದಕ್ಕೆ ಗಿಡದ ಒಂದು ಉಪಾಯ ಸೋಡಿಯಂ ಅನ್ನು ಬೇರಲ್ಲೇ ನಿಲ್ಲಿಸಿ ಎಲೆಗೆ ಹೋಗಗೊಡದಿರುವುದು. ಅದು ತಡೆಯುವುದು. ಇನ್ನೊಂದು ಉಪಾಯ, ಎಲೆಗೆ ಬಂದುಬಿಟ್ಟ ಸೋಡಿಯಂ ಅನ್ನು ಜೀವಕೋಶದ ಒಳಚೀಲದಲ್ಲಿ ಬೇರೆಯಾಗಿ ಕಟ್ಟಿಟ್ಟು ಕೆಲಸ ಮುಂದುವರಿಸುವುದು. ಅದು ತಡೆದುಕೊಳ್ಳುವುದು.

ಬೇಳೆಕಾಳುಗಳಲ್ಲಿ ಚನ್ನಂಗಿ ಉಪ್ಪಿಗೆ ಬೇಗ ಸೋಲುವ ಗಿಡ. ಆದರೂ ಸವಳಿಗೆ ಒಗ್ಗುತ್ತವೆ ಅಂತ ಗುರುತಿಸಿದ ಪಿಡಿಎಲ್-1, ಪಿಎಸ್‌ಎಲ್-9 ಥರದ ತಳಿಗಳಿವೆ. ಅಂಥವುಗಳಲ್ಲಿ ಎಲೆಗೆ ಏರುವ ಸೋಡಿಯಂ ಕಡಿಮೆ. ಕಾಡು ನೆಂಟರ ಕಡೆ ನೋಡುವುದೂ ಇದೇ ಕಾರಣಕ್ಕೆ. ಕಾಡಿನದು ಅಂದ ಮಾತ್ರಕ್ಕೆ ಎಲ್ಲವೂ ಗಟ್ಟಿ ಅಂತಲ್ಲ, ಅವುಗಳಲ್ಲೂ ಸೋಲುವವು ಬೇಕಾದಷ್ಟಿವೆ. ಆದರೆ ಹೊಲದ ಬೆಳೆ ಹುಟ್ಟಿಬಂದ ಮೂಲದ ಕಾಡು ಗಿಡ ಇವತ್ತಿಗೂ ಹೊಲದ ಗಿಡದ ಜೊತೆ ಸುಲಭವಾಗಿ ಕೂಡುತ್ತದೆ. ಅದರಲ್ಲಿ ಒಳ್ಳೆಯ ಗುಣ ಸಿಕ್ಕರೆ ಹೊಲಕ್ಕೆ ತರಬಹುದು.

ಹೀಗಿರುವಾಗ ಎಲ್ಲದಕ್ಕೂ ‘ಸಹಿಷ್ಣುತೆ’ ಅಂದುಬಿಟ್ಟರೆ ಗಿಡ ಏನು ಮಾಡಿತು ಅನ್ನುವುದೇ ಓದುವವರಿಗೆ ಕಾಣುವುದಿಲ್ಲ. ಆ ಪದ ಕೇಳಿದರೆ ನನಗೆ ನೆನಪಾಗುವುದು ಧರ್ಮ, ಮತಗಳ ಚರ್ಚೆ. ‘ನಿರೋಧಕ’ ಅನ್ನೋಣ ಅಂದರೆ ಅದು ರೋಗದ ಜೊತೆ ಅಂಟಿಕೊಂಡಿದೆ. ನನ್ನ ಯೋಚನೆ ಹೀಗೆ: ಒಟ್ಟು ಗುಣಕ್ಕೆ ‘ಉಪ್ಪು ತಾಳಿಕೆ’, ಬೇರಲ್ಲಿ ನಿಲ್ಲಿಸುವುದಕ್ಕೆ ‘ಉಪ್ಪು ತಡೆ’, ಎಲೆಯಲ್ಲಿ ಇಟ್ಟುಕೊಂಡು ಬದುಕುವುದಕ್ಕೆ ‘ತಡೆದುಕೊಳ್ಳುವಿಕೆ’. ಕೊನೆಯದು ಉದ್ದವಾಯಿತು, ಗೊತ್ತು. ತಾಳಿಕೆಯ ಬಗ್ಗೆಯೂ ಒಂದು ಅನುಮಾನ ಇದೆ. ‘ತಾಳಿದವನು ಬಾಳಿಯಾನು’ ಅನ್ನುವಾಗಿನ ತಾಳು ನನಗೆ ಬೇಕಾದದ್ದು. ಆದರೆ ಬಟ್ಟೆಯೋ ಚಪ್ಪಲಿಯೋ ಬಹಳ ದಿನ ಬರುವುದಕ್ಕೂ ತಾಳಿಕೆ ಅನ್ನುತ್ತೇವೆ, ಓದುವವರು ಆ ಕಡೆ ಹೋಗಿಬಿಡುತ್ತಾರಾ? ಇನ್ನೊಂದು, ‘ಬರ ಸಹಿಷ್ಣು ತಳಿ’ ಅಂತ ಕೃಷಿ ಬರಹಗಳಲ್ಲಿ ಓದಿ ಓದಿ ರೈತರಿಗೆ ಈಗಾಗಲೇ ರೂಢಿಯಾಗಿದ್ದರೆ ನಾನು ಸುಮ್ಮನೆ ಗೊಂದಲ ಜಾಸ್ತಿ ಮಾಡಿದ ಹಾಗಾಗುತ್ತದಾ?

ಸವಳು ನೆಲದಲ್ಲಿ ಬೇಸಾಯ ಮಾಡುವವರು ಅಥವಾ ಅಂಥ ಊರಿನವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಒಂದು ಬೆಳೆ ಸವಳಲ್ಲೂ ಚೆನ್ನಾಗಿ ಬಂದರೆ ನಿಮ್ಮ ಮನೆಯಲ್ಲಿ ಅದನ್ನು ಏನಂತ ಹೇಳುತ್ತಾರೆ? ತಾಳುತ್ತದೆ, ತಡೆಯುತ್ತದೆ, ಒಗ್ಗುತ್ತದೆ, ಜಗ್ಗುವುದಿಲ್ಲ, ಇದರಲ್ಲಿ ಯಾವುದು? ಇದ್ಯಾವುದೂ ಅಲ್ಲದ ಬೇರೆ ಪದ ಇದ್ದರೆ ಇನ್ನೂ ಒಳ್ಳೆಯದು.